ಎಡಗಡೆಯಿಂದ ಬಂದ ಕೂಗು

ಹಾಸಿ ಹೊದೆಯುವ ನಾಲ್ಕು ಕೌದಿಗಳನ್ನು ಮಗ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದನ್ನು ಕಂಡು ಶೆಟ್ಟೆವ್ವ ಆ ಮಧ್ಯಾಹ್ನ ಊಟ ಮಾಡಲಿಲ್ಲ. ಒಂದೊಂದು ಕೌದಿಯನ್ನೂ ಅವಳು ಒಂದೊಂದು ಬೇಸಿಗೆ ಕೂತು ಹೊಲಿದಿದ್ದಳು. ಗಂಡನ ಹಳೆಯ ಧೋತರ, ತನ್ನ ಹರಿದ ಇಲಕಲ್ ಸೀರೆ, ಮಗನ ಸಾಲಿಯ ಅಂಗಿ, ಎಲ್ಲ ಅದರೊಳಗೆ ಸೇರಿದ್ದವು.

"ಗ್ವಾಡಿಗೇನ ಥಂಡಿ ಹತ್ತೇತೇನೋ ತಮ್ಮಾ?" ಎಂದು ಕೇಳಿದಳು.

"ಬರೇ ಗ್ವಾಡಿ ಇದ್ರ ದನಿ ಬಡದು ಹೊಳ್ಳಿ ಬರತೈತವ್ವಾ. ಕೌದಿ ಇದ್ರ ಅದನ್ನ ನುಂಗತೈತಿ," ಎಂದ ಅಜಿತ.

ಯಾವ ದನಿ, ಯಾಕೆ ನುಂಗಬೇಕು ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಮರುದಿನ ಅವಳು ಚೀಲ ಹಿಡಿದು ನೇಸರಗಿಯ ಬಸ್ ಹತ್ತಿದಳು. ಅಲ್ಲಿ ತಂಗಿ ರಾಯವ್ವನ ಮನೆಯಿತ್ತು. ಎಂಟು ದಿನ ಇದ್ದು ಬರುವೆನೆಂದು ಸೊಸೆಗೆ ಹೇಳಿದ್ದಳು.

ಅಜಿತ ಬೈಲಹೊಂಗಲದ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಮೂವತ್ತೊಂಬತ್ತರ ವಯಸ್ಸು, ಮಾತು ಕಡಿಮೆ. ಹೆಂಡತಿ ಪ್ರಜ್ಞಾ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ಮಗಳು ಸ್ನೇಹಲ್ ಏಳನೆಯ ಇಯತ್ತೆ. ಕೌದಿ ತೂಗುಹಾಕಿದ ಹಿಂದಿನ ಕೋಣೆ ಅವನ ಅಪ್ಪ ಲಗಮಪ್ಪನದು. ಎರಡು ವರ್ಷದ ಕೆಳಗೆ ಅಪ್ಪ ಅಲ್ಲೇ ತೀರಿಕೊಂಡಿದ್ದ. ಅಂದಿನಿಂದ ಅದರ ಬಾಗಿಲು ಮುಚ್ಚಿಯೇ ಇತ್ತು. ಅಲ್ಲಿ ಹಾಡು ಕೇಳುವ ಕೋಣೆ ಮಾಡುತ್ತೇನೆಂದು ಅಜಿತ ಹೇಳಿದಾಗ ಪ್ರಜ್ಞಾ, "ಮಾವನ ಖೋಲಿ ಹಂಗ ಮುಚ್ಚಿಡೂದಕ್ಕಿಂತ ಏನರ ಆಗಲಿ ಬಿಡ್ರಿ," ಎಂದಿದ್ದಳು.

ಆದರೆ ಅವನಿಗೆ ಬೇಕಾಗಿದ್ದದ್ದು ಹಾಡಲ್ಲ, ಅಪ್ಪನ ಹಲಗಿಯ ಬಡಿತ.

ಬೈಲಹೊಂಗಲದವರಿಗೆ ಲಗಮಪ್ಪ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದು ಮಗನನ್ನು ಓದಿಸಿದ ಮನುಷ್ಯನೆಂದಷ್ಟೇ ಗೊತ್ತು. ಅದಕ್ಕೂ ಮುಂಚೆ ಅವನು ಮನೋಳಿಯಲ್ಲಿದ್ದ. ಅಲ್ಲಿ ಅವನಂತೆ ಹಲಗಿ ಬಾರಿಸುವವರು ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲವಂತೆ. ಮಗ ಅದನ್ನು ಬೇರೆಯವರ ಬಾಯಲ್ಲಿ ಕೇಳಿದ್ದನೇ ಹೊರತು ಅಪ್ಪ ಬಾರಿಸಿದ್ದನ್ನು ಒಮ್ಮೆಯೂ ಕೇಳಿರಲಿಲ್ಲ. ಮನೋಳಿ ಬಿಡುವ ಮೊದಲೇ ಲಗಮಪ್ಪ ಹಲಗಿ ಬಿಟ್ಟಿದ್ದ. ಆಮೇಲೆ ಬೌದ್ಧ ದೀಕ್ಷೆ ತೆಗೆದುಕೊಂಡ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಹೊರಗೆ ಹಲಗಿ ಕೇಳಿದರೆ ಎಲೆ ಬಿಟ್ಟು ಎದ್ದುಬಿಡುತ್ತಿದ್ದ. ಅಜಿತ ಸಣ್ಣವನಿದ್ದಾಗ ಒಮ್ಮೆ ಊಟದ ಗಂಗಾಳದ ಮೇಲೆ ಬೆರಳಾಡಿಸಿ ತಾಳ ಹಾಕುತ್ತಿದ್ದ. ಅಪ್ಪ ಬಂದು ಸಿಟ್ಟು ಮಾಡದೆ ಮೆಲ್ಲಗೆ ಗಂಗಾಳ ಕಸಿದುಕೊಂಡ.

ಯಾಕೆ ಬಿಟ್ಟಿ ಎಂದು ಕೇಳಿದರೆ ಒಂದೇ ಉತ್ತರ: "ಸತ್ತವರ ಮುಂದ, ಧಣ್ಯಾರ ಮುಂದ ಬಡಕೋಂತ ಹೋಗೂದು ನಮ್ಮ ಹಣ್ಯಾಗ ಬರದಿದ್ದಲ್ಲೋ. ಅವರು ಬರದಿದ್ದು."

ಈ ಮಾತನ್ನು ಅಜಿತ ಪ್ರತಿ ವರ್ಷ ಏಪ್ರಿಲ್ ಹದಿನಾಲ್ಕರ ಸಭೆಯಲ್ಲಿ ಹೇಳುತ್ತಿದ್ದ.

ಹೋದ ವರ್ಷ ಕನ್ನಡ ಉಪನ್ಯಾಸಕ ನಿಜಗುಣಪ್ಪ ಒಂದು ಸುದ್ದಿ ತಂದ. ಧಾರವಾಡದಲ್ಲಿ ಅವನ ಗೆಳೆಯನೊಬ್ಬ ಹಳೆಯ ಜಾನಪದ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದ. ಒಂದರ ಡಬ್ಬಿಯ ಮೇಲೆ "ಲಗಮಪ್ಪ, ಹಲಗಿ, ಮನೋಳಿ, ೧೯೮೪" ಎಂದಿತ್ತು. ಹಾಡು ಹುಡುಕುತ್ತ ಹಳ್ಳಿ ತಿರುಗುತ್ತಿದ್ದ ಸಂಶೋಧಕನೊಬ್ಬ ಎರಡು ಮೈಕು ಇಟ್ಟು ಮಾಡಿದ ರೆಕಾರ್ಡಿಂಗು. ಇಪ್ಪತ್ತೆರಡು ನಿಮಿಷದ್ದು.

ಅಜಿತ ಅದನ್ನು ಫೋನಿನಲ್ಲಿ ಕೇಳಿದ. ಡಬ್ಬಿಯೊಳಗೆ ಹರಳು ಅಲ್ಲಾಡಿಸಿದಂತಿತ್ತು. ಮಗಳ ಇಯರ್‌ಫೋನ್ ಹಾಕಿಕೊಂಡು ಕೇಳಿದ. ಪೆಟ್ಟುಗಳು ಕಿವಿಯೊಳಗೆ ಚುಚ್ಚಿದವು. ಎಡಗಿವಿಯಲ್ಲಿ ನಡುವೆ ಏನೋ ಕೀರಲು ಸದ್ದು ಬಂದಂತಾಯಿತು. ಹಳೆಯ ಟೇಪಿನ ದೋಷವೆಂದುಕೊಂಡು ಕಿತ್ತಿಟ್ಟ. ಹಲಗಿ ಬಯಲಿನ ವಾದ್ಯ, ಅದಕ್ಕೆ ಜಾಗ ಬೇಕು, ಗಾಳಿ ಬೇಕು. ಅಪ್ಪ ಎದುರಿಗೆ ನಿಂತು ಬಾರಿಸಿದಂತೆ ಕೇಳಬೇಕಾದರೆ ಒಂದು ಕೋಣೆ ಬೇಕು, ಒಳ್ಳೆಯ ಸ್ಪೀಕರ್ ಬೇಕು ಎಂದು ತೀರ್ಮಾನಿಸಿದ. ಅವ್ವನಿಗೆ ಹೇಳಲಿಲ್ಲ. ಎಲ್ಲ ಸಿದ್ಧವಾದ ಮೇಲೆ ಕೂರಿಸಿ ಕೇಳಿಸಬೇಕೆಂಬ ಆಸೆ ಅವನದು.

ಬೆಳಗಾವಿಯ ಅಂಗಡಿಯಲ್ಲಿ ಗಾಜಿನ ಕೋಣೆಯೊಳಗೆ ಕೂರಿಸಿ ನೆಲ ನಡುಗುವಂತೆ ಬಾರಿಸಿ ತೋರಿಸಿದರು. ಅವನಿಗೆ ತಲೆನೋವು ಬಂತು. ಹುಬ್ಬಳ್ಳಿಯಲ್ಲಿ ವಿರೂಪಾಕ್ಷ ಎಂಬ ಅರವತ್ತರ ವ್ಯಾಪಾರಿ ಸಿಕ್ಕ. ಅವನು ಮೊದಲು ಏನನ್ನೂ ಹಚ್ಚಿ ತೋರಿಸಲಿಲ್ಲ. ಚಹಾ ತರಿಸಿ, "ಸರ್, ಏನ ಕೇಳಾವ್ರು ಅದೀರಿ?" ಎಂದು ಕೇಳಿದ.

"ಹಲಗಿ."

ವಿರೂಪಾಕ್ಷ ನಗಲಿಲ್ಲ. "ಹಂಗಾರ ಸಣ್ಣ ಪೆಟ್ಟಿಗಿ ಸಾಕಾಗೂದಿಲ್ರಿ. ನೆಲದ ಮ್ಯಾಲ ನಿಲ್ಲೂ ಟವರ್ ಸ್ಪೀಕರ್ ಬೇಕು. ಆದ್ರ ಒಂದು ನೆನಪಿಡ್ರಿ. ಪೆಟ್ಟು ಬಿದ್ದ ಕೂಡಲೇ ದನಿ ನಿಂತ್ರ ಅದು ಹಲಗಿದು. ಆಮ್ಯಾಲೂ ಗುಂಯ್ ಅನಕೋಂತ ಇದ್ರ ಅದು ಸ್ಪೀಕರಿಂದು. ಅಂಗಡ್ಯಾಗ ಕೇಳಿ ಒಯ್ಯಬ್ಯಾಡ್ರಿ. ಎರಡು ಜೋಡಿ ನಿಮ್ಮ ಮನಿಗೇ ತಂದು ನಿಲ್ಲಸ್ತೇನಿ. ಎಂಟು ದಿನಾ ಕೇಳ್ರಿ. ಬ್ಯಾಡಾದ್ದು ಹೊಳ್ಳಿ ಒಯ್ತೇನಿ."

ಶೆಟ್ಟೆವ್ವ ನೇಸರಗಿಗೆ ಹೋದ ಮರುದಿನ ಟೆಂಪೊ ಬಂತು. ಒಂದು ಜೋಡಿ ಸಾಗವಾನಿ ಬಣ್ಣದ್ದು, ಎದೆಮಟ್ಟ, ಅಗಲ. ಮುಂದೆ ತಗ್ಗು ದನಿಯ ಎರಡೆರಡು ದೊಡ್ಡ ವೂಫರು. ಇನ್ನೊಂದು ಕಪ್ಪು, ತೆಳ್ಳಗೆ, ನೋಡಲು ಏನೇನೂ ಅಲ್ಲ. ವಿರೂಪಾಕ್ಷ ಟೇಪು ಹಿಡಿದು ಅಳೆದ. ಗೋಡೆಯಿಂದ ಎರಡು ಫೂಟು ಮುಂದೆ ತಂದು, ಕೂರುವವನ ಕಡೆ ತುಸು ಮುಖ ತಿರುಗಿಸಿ, ಕೂರುವ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ ಹೋದ.

ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಸೇರಿ ಮೊದಲು ಸಾಗವಾನಿ ಜೋಡಿಯನ್ನು ಕೇಳಿದರು. ಮೊದಲ ಪೆಟ್ಟಿಗೇ ಸ್ನೇಹಲ್ "ಅಬ್ಬಾ!" ಎಂದಳು. ಕೋಣೆ ತುಂಬಿ ಹೋಯಿತು. ಆ ನಡೆಯಲ್ಲಿ ಹಬ್ಬವಿತ್ತು, ಗತ್ತಿತ್ತು. ನಿಮಿಷ ನಿಮಿಷಕ್ಕೆ ಹೊಸ ತಿರುವು ತೆಗೆದುಕೊಳ್ಳುವ ಹರೆಯದ ಸೊಕ್ಕಿತ್ತು. ಮಾತೇ ಆಡದೆ ಮಿಲ್ಲಿಗೆ ಹೋಗಿ ಬರುತ್ತಿದ್ದ ತಗ್ಗಿದ ತಲೆಯ ಆ ಮನುಷ್ಯ ಹೀಗೆ ಬಾರಿಸಿದ್ದನೇ? ಅಜಿತನ ಕಣ್ಣು ತುಂಬಿದವು. ಬಾಗಿಲಲ್ಲಿ ನಿಂತಿದ್ದ ಪ್ರಜ್ಞಾ, "ಇವೇ ಇರಲಿ ಬಿಡ್ರಿ," ಎಂದಳು.

ಕಪ್ಪು ಜೋಡಿಯ ಸರದಿ ಬಂದದ್ದು ಮಂಗಳವಾರ. ಕಾಲೇಜು ಮುಗಿಸಿ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ತಂತಿ ಬದಲಿಸಿ ಹಚ್ಚಿದ. ಮೊದಲಿಗೆ ಸಪ್ಪೆ ಎನಿಸಿತು. ಕೋಣೆ ತುಂಬಲಿಲ್ಲ, ನೆಲ ನಡುಗಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಸ್ಪೀಕರು ಇರುವುದೇ ಮರೆತುಹೋಯಿತು. ತೊಗಲು ಬಿಗಿಯಾಗಲೆಂದು ಹಲಗಿ ಕಾಯಿಸುವ ಜೋಳದ ಕಣಿಕೆಯ ಬೆಂಕಿ ಚಿಟಚಿಟ ಎನ್ನುವುದು ಕೇಳಿತು. ಯಾರೋ ಕೆಮ್ಮಿದರು. ಬಲಗಡೆ ಕುರ್ಚಿ ಕಿರುಗುಟ್ಟಿತು. ನಟ್ಟನಡುವೆ, ಎರಡು ಮಾರು ದೂರದಲ್ಲಿ ಅಪ್ಪ ನಿಂತಿದ್ದ. ಬಲಗೈಯ ದಪ್ಪ ಕೋಲು, ಎಡಗೈಯ ಸಣ್ಣ ಕಡ್ಡಿ ಬೇರೆ ಬೇರೆಯಾಗಿ ಕೇಳುತ್ತಿದ್ದವು. ನಡುನಡುವೆ ಅವನು ಮೂಗಿನಿಂದ ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಅದು ಕಡೆಯ ದಿನಗಳಲ್ಲಿ ಇದೇ ಕೋಣೆಯಲ್ಲಿ ಅಜಿತ ರಾತ್ರಿಯಿಡೀ ಕೇಳಿದ ಉಸಿರು.

ಹನ್ನೊಂದನೆಯ ನಿಮಿಷದಲ್ಲಿ ಎಡಗಡೆಯಿಂದ ಒಬ್ಬ ಹೆಂಗಸು ಕೂಗಿದಳು.

ಅಜಿತ ಸರಕ್ಕನೆ ತಿರುಗಿ ನೋಡಿದ. ಕೌದಿ ತೂಗಿದ ಗೋಡೆ. ಎದ್ದು ಹೋಗಿ ಹಿತ್ತಲ ಬಾಗಿಲು ತೆರೆದು ನೋಡಿದ. ಬಿಸಿಲು, ಬಟ್ಟೆ ಒಣಹಾಕಿದ ಹಗ್ಗ, ಅಷ್ಟೇ. ಬಂದು ಹಿಂದಕ್ಕೆ ಸರಿಸಿ ಮತ್ತೆ ಹಚ್ಚಿದ. ಅದೇ ಜಾಗ, ಅದೇ ಕೂಗು. ಇಯರ್‌ಫೋನಿನಲ್ಲಿ ಕೀರಲು ಎನಿಸಿದ್ದು ಇಲ್ಲಿ ದೂರದಲ್ಲಿ, ಗೋಡೆಯಾಚೆ ನಿಂತ ಒಬ್ಬಳ ದನಿಯಾಗಿತ್ತು. ಮೂರನೆಯ ಸಲ ಮಾತು ಬಿಡಿಸಿಕೊಂಡಿತು.

"ಏನ್ರೀ... ಬರ್ರೀ... ತಂಗೆವ್ವ ಕಣ್ಣ ತೆರೀವಲ್ಲಳು..."

ಆ ಕೂಗಿಗೆ ಹಲಗಿ ತಪ್ಪಿತು. ಒಂದೇ ಒಂದು ಪೆಟ್ಟು. ಬೀಳಬೇಕಾದಲ್ಲಿ ಬೀಳದೆ ಗಾಳಿಯಲ್ಲಿ ನಿಂತಿತು. ಆ ಖಾಲಿಯೊಳಗೆ ಬಲಗಡೆಯ ಕುರ್ಚಿಯಿಂದ ಒಂದು ಗಂಡಸು ದನಿ ಮೆತ್ತಗೆ, ಎಲೆಯಡಿಕೆ ಬಾಯಲ್ಲಿಟ್ಟುಕೊಂಡಂತೆ, "ನಿಲ್ಲಸಬ್ಯಾಡೋ," ಎಂದಿತು. ಹಲಗಿ ಮತ್ತೆ ಎದ್ದಿತು, ಮೊದಲಿಗಿಂತ ಜೋರಾಗಿ. ಅದರ ಅಡಿಯಲ್ಲಿ ಕೂಗು ಇನ್ನೊಮ್ಮೆ ಬಂದು ಮುಳುಗಿತು. ಆಮೇಲೆ ಮತ್ತೂ ಹನ್ನೊಂದು ನಿಮಿಷ ಒಂದೂ ಪೆಟ್ಟು ತಪ್ಪದೆ ಲಗಮಪ್ಪ ಬಾರಿಸಿದ್ದ.

ಕೂಗಿದ ದನಿ ಎಳೆಯದು. ಆದರೆ "ಬರ್ರೀ" ಎನ್ನುವಾಗಿನ ಎಳೆತ ಅಜಿತ ಹುಟ್ಟಿದಾಗಿನಿಂದ ಕೇಳಿದ್ದು. ಅದು ಅವ್ವ.

ಸಂಜೆ ಪ್ರಜ್ಞಾ ಬಂದಾಗ ಅವನು ಕತ್ತಲಲ್ಲೇ ಕೂತಿದ್ದ. ಎಲ್ಲ ಹೇಳಿದ.

"ತಂಗೆವ್ವ ಅಂದ್ರ ಯಾರ್ರೀ?" ಎಂದಳು ಅವಳು.

"ನನಗಿಂತ ಮೊದಲ ಒಂದು ಹುಡುಗಿ ಆಗಿ ಹೋಗಿತ್ತು ಅಂತ ಗೊತ್ತಿತ್ತು. ಹೆಸರು ಗೊತ್ತಿದ್ದಿಲ್ಲ. ಒಂದ ದಿನಾನೂ ನಾ ಕೇಳಲಿಲ್ಲ ನೋಡು."

ಮರುದಿನ ಅದೇ ಭಾಗವನ್ನು ಸಾಗವಾನಿ ಸ್ಪೀಕರಿನಲ್ಲಿ ಹಚ್ಚಿ ನೋಡಿದ. ದೊಡ್ಡ ವೂಫರುಗಳ ಗುಂಯ್ ಕೂಗನ್ನು ಪೂರ್ತಿ ನುಂಗಿತ್ತು. ತಪ್ಪಿದ ಪೆಟ್ಟು ಬೇಕೆಂದೇ ಬಿಟ್ಟ ಚಮತ್ಕಾರದಂತೆ ಕೇಳುತ್ತಿತ್ತು. ಅದರಲ್ಲಿ ಅಪ್ಪ ಸುಖವಾಗಿದ್ದ. ಅಜಿತ ಅವತ್ತೇ ವಿರೂಪಾಕ್ಷನಿಗೆ ಫೋನು ಮಾಡಿ, "ಸಾಗವಾನಿ ಇಟ್ಕೋತೇನ್ರಿ. ಕರೀವು ಒಯ್ಯಿರಿ," ಎಂದ. ಶೆಟ್ಟೆವ್ವ ಬರುವುದರೊಳಗೆ ಆ ಕಪ್ಪು ಪೆಟ್ಟಿಗೆಗಳು ಮನೆ ಬಿಡಬೇಕಿತ್ತು. ಆದರೆ ಭಾನುವಾರದವರೆಗೆ ಟೆಂಪೊ ಇರಲಿಲ್ಲ.

ಆ ಮೂರು ದಿನ ಕೂಗು ಅವನನ್ನು ಬಿಡಲಿಲ್ಲ. ಮಿಕ್ಸರ್ ತಿರುಗುವಾಗ ಅದರ ಕೆಳಗೆ ಕೇಳಿತು. ಪೇಟೆಯಲ್ಲಿ ಬಸ್ಸಿನ ಹಾರ್ನಿನ ಹಿಂದೆ ಕೇಳಿತು. ತರಗತಿಯಲ್ಲಿ ಶಬ್ದತರಂಗದ ಪಾಠ ಹೇಳುತ್ತ ಹೇಳುತ್ತ ನಡುವೆ ನಿಂತು ಎಡಗಡೆಯ ಕಿಟಕಿಯ ಕಡೆ ನೋಡಿದ. ಹುಡುಗರೂ ತಿರುಗಿ ನೋಡಿದರು. ಕಿಟಕಿಯಾಚೆ ಯಾರೂ ಇರಲಿಲ್ಲ. "ಸರ್?" ಎಂದಿತು ಮುಂದಿನ ಬೆಂಚು. ಬೋರ್ಡಿನ ಮೇಲೆ ಬರೆದ ಅಲೆಯ ಗೆರೆ ಅರ್ಧಕ್ಕೆ ನಿಂತಿತ್ತು.

ಅವನನ್ನು ಹೆಚ್ಚು ಕಾಡಿದ್ದು ಕೂಗಲ್ಲ, ಆ ತಪ್ಪಿದ ಪೆಟ್ಟು. ಕೂಗು ಅಪ್ಪನಿಗೆ ಕೇಳಿತ್ತು. ಕೇಳಿಯೂ ಬಾರಿಸಿದ್ದ. ಅವ್ವನಿಗೆ ಇದು ಗೊತ್ತಿರಲಿಕ್ಕಿಲ್ಲ, ಗೊತ್ತಾಗಲೂಬಾರದು ಎಂದುಕೊಂಡ.

ಶನಿವಾರ ಶೆಟ್ಟೆವ್ವ ಬಂದಳು. ಚೀಲ ಇಳಿಸುವ ಮೊದಲೇ ಸ್ನೇಹಲ್ ಓಡಿಹೋಗಿ, "ಆಯೀ, ಅಜ್ಜನ ಹಲಗಿ ಐತಿ ನಮ್ಮ ಮನ್ಯಾಗ! ಅಜ್ಜ ಬಾರಿಸಿದ್ದು!" ಎಂದುಬಿಟ್ಟಳು.

ಶೆಟ್ಟೆವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಯಾವ ಊರಾಗ ಬಾರಿಸಿದ್ದು?"

"ಮನೋಳ್ಯಾಗಂತ."

ಅವಳು ಕಾಲು ತೊಳೆದುಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡು ನೇರ ಹಿಂದಿನ ಕೋಣೆಗೆ ಹೋಗಿ, ಕುರ್ಚಿ ಬಿಟ್ಟು ನೆಲದ ಮೇಲೆ ಕೂತಳು. ಸೀಮೆಸುಣ್ಣದ ಗುರುತು ಅವಳ ಸೀರೆಯ ಕೆಳಗೆ ಹೋಯಿತು.

"ಹಚ್ಚು," ಎಂದಳು.

ಅಜಿತ ಸಾಗವಾನಿ ಜೋಡಿಯನ್ನು ಹಚ್ಚಿದ. ಹಲಗಿ ಎದ್ದ ಕೂಡಲೇ ಅವಳ ಕಣ್ಣು ಮುಚ್ಚಿದವು. ಮೊಣಕಾಲ ಮೇಲೆ ಬೆರಳು ಆಡತೊಡಗಿದವು. ಒಂದೊಂದು ತಿರುವು ಬರುವ ಮೊದಲೇ ಅವಳ ಬೆರಳು ಅಲ್ಲಿಗೆ ಹೋಗಿ ಕಾಯುತ್ತಿದ್ದವು. ಅರವತ್ತು ದಾಟಿದ ಮುಖದಲ್ಲಿ ಸಣ್ಣದೊಂದು ನಗೆ ಬಂತು. ಇದೇ ಸಾಕು, ಇಷ್ಟಕ್ಕೇ ನಿಲ್ಲಿಸಿಬಿಡೋಣ ಎಂದು ಅಜಿತ ಕೈ ಚಾಚುವಷ್ಟರಲ್ಲಿ ಅವಳು ಕೈ ಎತ್ತಿದಳು.

"ಇಲ್ಲೇ."

ಸಾಗವಾನಿ ಸ್ಪೀಕರಿನಿಂದ ಹಲಗಿಯ ಹೊರತು ಏನೂ ಕೇಳುತ್ತಿರಲಿಲ್ಲ.

"ಇಲ್ಲೇ ನಾ ಕರದಿದ್ನಿ. ಕೇಳಸವಲ್ದಲ್ಲ?" ಕಣ್ಣು ತೆರೆದು ಗೋಡೆಗೆ ಆನಿಸಿದ್ದ ಕಪ್ಪು ಜೋಡಿಯನ್ನು ನೋಡಿದಳು. "ಅವು ಯಾಕ ಸುಮ್ನ ನಿಂತಾವು?"

ಅಜಿತನಿಗೆ ಸುಳ್ಳು ಬರಲಿಲ್ಲ. "ಅವುದರಾಗ ಕೇಳತೈತವ್ವಾ."

"ಹಂಗಾರ ಅವನ್ನ ಹಚ್ಚು."

"ಬ್ಯಾಡವ್ವಾ."

"ಖರೇ ಕರದಾಕಿನ ನಾ. ಇದೇನ ಅದಕ್ಕಿಂತ ಹೆಚ್ಚಿಂದೇನೋ? ಹಚ್ಚು."

ಅವನು ತಂತಿ ಬದಲಿಸಿದ. ಹಚ್ಚಿದ. ಬೆಂಕಿ ಚಿಟಗುಟ್ಟಿತು, ಕುರ್ಚಿ ಕಿರುಗುಟ್ಟಿತು. ಆ ಕಿರುಗುಟ್ಟುವಿಕೆಗೆ ಶೆಟ್ಟೆವ್ವ ತನಗರಿಯದೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕೂಗು ಬಂತು. ಪೆಟ್ಟು ತಪ್ಪಿತು. "ನಿಲ್ಲಸಬ್ಯಾಡೋ" ಬಂತು. ಅವಳು ಅಳಲಿಲ್ಲ. ಎಡಗಡೆಯ ಗೋಡೆಯನ್ನೇ ನೋಡುತ್ತಿದ್ದಳು, ಅಲ್ಲಿ ನಿಂತವಳನ್ನು ಗುರುತು ಹಿಡಿಯುವಂತೆ.

ಮುಗಿದ ಮೇಲೆ ಮಾತಾಡಿದಳು.

"ಮೂರು ವರ್ಷದಾಕಿ ಇದ್ಲು. ಮುಂಜಾನಿಂದ ವಾಂತಿ ಭೇದಿ. ಸವದತ್ತಿ ದವಾಖಾನಿಗೆ ಒಯ್ಯಬೇಕು, ಹನ್ನೊಂದರ ಬಸ್ ಐತಿ ಅಂತ ಇವರನ್ನ ಕರ್ಯಾಕ ಹೋದ್ನಿ. ಧಾರವಾಡದಾವ್ರು ಯಾರೋ ಬಂದಾರ, ಹಲಗಿ ಹಿಡ್ಕೊಂಡು ವಾಡೇಕ ಬಾ ಅಂತ ಧಣಿ ಹೇಳಿ ಕಳಿಸಿದ್ದ. ನಮ್ಮ ಕೇರಿ ಹೆಣ್ಮಕ್ಕಳು ಧಣಿ ಮನಿ ವಾಡೇದ ಅಂಗಳ ತುಳೀವಂಗಿರಲಿಲ್ಲ. ಹೊರಗ ಗ್ವಾಡಿಗೆ ನಿಂತು ಕರದೆ. ಕೂಸು ಹೆಗಲ ಮ್ಯಾಲಿತ್ತು."

"ಅಪ್ಪಗ..." ಎಂದ ಅಜಿತ.

"ಕೇಳಿತ್ತು," ಎಂದಳು ಅವಳು. "ಆ ಕೈ ನಾ ಬಲ್ಲೆ. ಅದು ಎಂದೂ ತಪ್ಪಿದ ಕೈ ಅಲ್ಲ. ನಾ ಕರದ ಕೂಡ್ಲೆ ತಪ್ತು. ಗ್ವಾಡಿ ಆಚೆ ನಿಂತ ನಾನೂ ಕೇಳೀನಿ. ಹಾಂ, ಈಗ ಬರ್ತಾರ ಅಂತ ನಿಂತೆ. ಮತ್ತ ಹಲಗಿ ಸುರು ಆತು. ಇನ್ನೊಮ್ಮೆ ಕರದು, ನಾನ ಓಡಿ ಬಸ್ ಹಿಡದೆ. ಸವದತ್ತಿ ಸ್ಟ್ಯಾಂಡಿನ್ಯಾಗ ಇಳಿಯೂದ್ರಾಗ ಅಕಿ ಇದ್ದಿಲ್ಲ. ಮುಂದಿನ ಬಸ್ಸಿಗೆ ಇವರು ಬಂದ್ರು, ಹಲಗಿ ಹೆಗಲಿಗೆ ಹಾಕ್ಕೊಂಡ. ನನ್ನ ಕಾಲ ಮುಂದ ಕುಂತು, ನನಗ ಕೇಳಲಿಲ್ಲ ಶೆಟ್ಟಿ, ಹಲಗಿ ಗದ್ಲದಾಗ ಕೇಳಲಿಲ್ಲ ಅಂದ್ರು. ನಾ ಹೂಂ ಅಂದೆ."

"ಗೊತ್ತಿದ್ದೂ?"

"ಗೊತ್ತಿದ್ದ. ನಲವತ್ತ ವರ್ಷ ಹೂಂ ಅಂದೆ. ಜ್ವರದಾಗ ಬಡಬಡಿಸಿದಾಗ್ಲೂ ಹೂಂ ಅಂದೆ. ಸಾಯೂ ಮುಂದ ಈ ಖೋಲ್ಯಾಗೂ ಕೇಳಿದ್ರು, ನನಗ ಕೇಳಲಿಲ್ಲ ಅಂತ ನೀ ನಂಬೀಯಲ್ಲ ಅಂತ. ನಂಬೇನಿ ಅಂದೆ. ಮತ್ತೇನ ಅನ್ನಲಿ? ನಿಮಗ ಕೇಳಿತ್ತು ಅಂದಿದ್ರ ಅವರು ಬದಕತಿದ್ರೇನು? ಅವರು ಬದುಕದಿದ್ರ ನೀ ಎಲ್ಲಿಂದ ಬರತಿದ್ದಿ?"

ಹೊರಗೆ ಪ್ರಜ್ಞಾ ಅಡಿಗೆಮನೆಯಲ್ಲಿ ಕೈಕೆಲಸ ನಿಲ್ಲಿಸಿದ್ದು ಗೊತ್ತಾಗುತ್ತಿತ್ತು.

"ಧಣಿ ಬ್ಯಾಡಂದ್ರ ಎದ್ದು ಬರೂ ಗಂಡಸು ಆವಾಗ ನಮ್ಮ ಕೇರ್ಯಾಗ ಒಬ್ಬಾವ್ನೂ ಇದ್ದಿಲ್ಲ ತಮ್ಮಾ," ಎಂದಳು ಶೆಟ್ಟೆವ್ವ. "ಆಮ್ಯಾಲ ಇವರ ಆದ್ರು. ಅಕಿನ್ನ ಮಣ್ಣ ಮಾಡಿ ಬಂದ ಮರದಿನಾನ ಹಲಗಿ ಒಯ್ದು ಮಲಪ್ರಭಾದಾಗ ಬಿಟ್ರು. ಧಣಿ ಮನ್ಯಾಗ ಹೆಣಾ ಬಿತ್ತು, ಬಾ ಅಂತ ಹೇಳಿ ಕಳಿಸಿದ್ರ ಬರೂದಿಲ್ಲ ಅಂದ್ರು. ಹೊಡದ್ರು. ಆದ್ರೂ ಬರೂದಿಲ್ಲ ಅಂದ್ರು. ಅದಕ್ಕ ಊರು ಬಿಟ್ವಿ. ನೀ ಸ್ಟೇಜಿನ ಮ್ಯಾಲ ಹೇಳೂದು ಸುಳ್ಳಲ್ಲ. ಖರೇನ. ಆದ್ರ ಅಷ್ಟ ಅಲ್ಲ."

ಅಜಿತ ಅವಳ ಪಕ್ಕದಲ್ಲಿ ನೆಲಕ್ಕೆ ಕೂತ. ತಾನು ಅವಳಿಂದ ಮುಚ್ಚಿಡಲು ಹೆಣಗಿದ್ದನ್ನು ಅವಳು ತನ್ನ ಜೀವಮಾನವೆಲ್ಲ ಅಪ್ಪನಿಂದ ಮುಚ್ಚಿಟ್ಟಿದ್ದಳು. "ಯಾವು ಇಟ್ಕೊಳ್ಳೂಣವ್ವಾ?" ಎಂದ.

"ಕರೀವು ಇರಲಿ. ಅಕಿ ಹೆಸರು ಯಾವ ಕಾಗದದಾಗೂ ಇಲ್ಲ. ಫೋಟೊ ಇಲ್ಲ. ಮನೋಳ್ಯಾಗ ಮಣ್ಣ ಮಾಡಿದ ಜಾಗಾನೂ ಹೊಳಿ ತಿಂದೈತಿ. ಅದರಾಗ ಅಷ್ಟ ಅದಾಳ ನೋಡು ಅಕಿ."

ಭಾನುವಾರ ವಿರೂಪಾಕ್ಷ ಬಂದವನು ಬೆರಗಾದ. "ಫೋನ್ಯಾಗ ಬ್ಯಾರೇನ ಹೇಳಿದ್ರೆಲ್ಲರಿ ಸರ್? ಎಲ್ಲಾರೂ ಸಾಗವಾನಿನ ಇಟ್ಕೋತಾರ." "ಅವ್ವಗ ಇವು ಸೇರಿದ್ವು," ಎಂದಷ್ಟೇ ಹೇಳಿದ ಅಜಿತ. ವಿರೂಪಾಕ್ಷ ಒಳಗೆ ಕೂತಿದ್ದ ಮುದುಕಿಯನ್ನು ನೋಡಿ, ಕೈ ಮುಗಿದು, ಸಾಗವಾನಿ ಪೆಟ್ಟಿಗೆಗಳನ್ನು ಹೊರಿಸಿಕೊಂಡು ಹೋದ.

ಕಪ್ಪು ಜೋಡಿ ಬೈಲಹೊಂಗಲದ ಆ ಮನೆಯಲ್ಲಿ ಈಗಲೂ ಇದೆ. ಅಜಿತ ಅದರಲ್ಲಿ ಬೇರೆ ಹಾಡು ಕೇಳುವುದುಂಟು. ಎಂಥ ಹಾಡೇ ಇರಲಿ, ಹಾಡುವವರನ್ನು ಬಿಟ್ಟು ಅವನ ಕಿವಿ ಎಡಗಡೆಯ ಮೂಲೆಗೇ ಹೋಗಿ ಹುಡುಕುತ್ತದೆ. ಹಾಗಾಗಿ ಕೇಳುವುದು ಕಡಿಮೆಯಾಗಿದೆ.

ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ, ಮಧ್ಯಾಹ್ನದ ಊಟವಾದ ಮೇಲೆ ಶೆಟ್ಟೆವ್ವ ಬಂದು ನೆಲದ ಮೇಲೆ ಕೂತು, "ಅವರದ ಹಚ್ಚೋ," ಎನ್ನುತ್ತಾಳೆ. ಕೂಗಿನ ಭಾಗ ಬೇಡ, ಅದಕ್ಕೂ ಮುಂಚಿನದಷ್ಟೇ ಸಾಕೆಂದು ಮೊದಲೇ ಹೇಳಿದ್ದಾಳೆ. ಅದು ಹತ್ತು ನಿಮಿಷಕ್ಕೆ ಸ್ವಲ್ಪ ಮೇಲೆ. ಅಷ್ಟು ಹೊತ್ತು ಲಗಮಪ್ಪನಿಗೆ ಇಪ್ಪತ್ತೆಂಟು ವರ್ಷ. ಅವನ ಕೈ ಎಲ್ಲೂ ತಪ್ಪಿಲ್ಲ. ಅವನ ಮಗಳು ಮನೆಯಲ್ಲಿ ಮಲಗಿದ್ದಾಳೆ. ಶೆಟ್ಟೆವ್ವನ ಬೆರಳು ಮೊಣಕಾಲ ಮೇಲೆ ಅವನ ಜೊತೆ ಜೊತೆಗೇ ಹೋಗುತ್ತವೆ. ಅಜಿತ ಗಡಿಯಾರ ನೋಡುತ್ತ ಕೂತಿದ್ದು ಸರಿಯಾದ ಹೊತ್ತಿಗೆ ಬಂದ್ ಮಾಡುತ್ತಾನೆ.

ಆಮೇಲೆ ಕೋಣೆಯಲ್ಲಿ ಸದ್ದಿಲ್ಲ. ಆದರೂ ತಾಯಿ ಮಗ ಇಬ್ಬರೂ ಕೂಡಲೇ ಏಳುವುದಿಲ್ಲ. ಎಡಗಡೆಯ ಗೋಡೆಯ ಕಡೆ ಮುಖ ಮಾಡಿ, ಒಂದು ಕೂಗು ಬಂದು ಹೋಗುವಷ್ಟು ಹೊತ್ತು ಸುಮ್ಮನೆ ಕೂತಿರುತ್ತಾರೆ.